ಹಿತ್ತಾಳೆ ದೀಪಕ್ಕೊಂದು ತೆಳು ಹೊದಿಕೆ

ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕಿದ ಹಿತ್ತಾಳೆ ದೀಪ ಮಳೆಗಾಲದ ಕರಾವಳಿಯಲ್ಲಿ ವಾರ ತುಂಬುವ ಮೊದಲೇ ಮಂಕಾಗುತ್ತದೆ. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುವಿನ ಮಿಶ್ರಣ. ಗಾಳಿಯ ಆಮ್ಲಜನಕ, ತೇವ, ಹೊಗೆಯಲ್ಲಿರುವ ಗಂಧಕ, ಮುಟ್ಟಿದ ಕೈಯ ಬೆವರು ಎಲ್ಲ ಸೇರಿ ಅದನ್ನು ಮೊದಲು ಕಂದಾಗಿಸುತ್ತವೆ, ಆಮೇಲೆ ಕಪ್ಪಾಗಿಸುತ್ತವೆ. ಸಂದುಗಳಲ್ಲಿ ಹಸಿರು ಕಿಲುಬು ಕೂರುತ್ತದೆ. ಮತ್ತೆ ತಿಕ್ಕಬೇಕು. ತಿಕ್ಕಿದಾಗಲೆಲ್ಲ ಕಿಲುಬಿನ ಜೊತೆ ಒಂದಿಷ್ಟು ಲೋಹವೂ ತೊಳೆದುಹೋಗುತ್ತದೆ. ತಲೆಮಾರುಗಳಿಂದ ಉಜ್ಜಿಸಿಕೊಂಡ ದೀಪಗಳನ್ನು ನೋಡಿದರೆ ಇದು ತಿಳಿಯುತ್ತದೆ: ಮೇಲಿನ ಹಂಸದ ಕೊಕ್ಕು ಮೊಂಡಾಗಿರುತ್ತದೆ, ಬಳ್ಳಿಯ ಸುರುಳಿ ನುಣ್ಣಗಾಗಿರುತ್ತದೆ, ಬುಡದಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆಸಿದ ಹೆಸರಿನ ಅರ್ಧ ಅಕ್ಷರಗಳು ಮಾಯವಾಗಿರುತ್ತವೆ.

ಈ ತಿಕ್ಕಾಟವನ್ನು ನಿಲ್ಲಿಸುವುದೇ ಲ್ಯಾಕರ್‌ನ ಕೆಲಸ. ಹೊಳಪು ಕೊಡುವುದು ಅದರಿಂದ ಆಗದು. ಹೊಳಪು ಬರುವುದೆಲ್ಲ ಅದಕ್ಕೆ ಮುಂಚಿನ ಪಾಲಿಷ್‌ನಿಂದ. ಲ್ಯಾಕರ್ ಒಂದು ಪಾರದರ್ಶಕ ಪೊರೆಯಾಗಿ ಆ ಹೊಳಪಿಗೂ ಗಾಳಿಗೂ ನಡುವೆ ನಿಲ್ಲುತ್ತದೆ. ಸ್ಪ್ರೇ ಡಬ್ಬಿ ಕೊಂಡು ತಂದವರು ಇದೊಂದನ್ನು ಮನಸ್ಸಿಗೆ ತಂದುಕೊಂಡರೆ ಅರ್ಧ ಕೆಲಸ ಸರಿಯಾಗುತ್ತದೆ. ಮಂಕಾದ ಲೋಹದ ಮೇಲೆ ಲ್ಯಾಕರ್ ಹೊಡೆದರೆ ಆ ಮಂಕೇ ಭದ್ರವಾಗಿ ಉಳಿಯುತ್ತದೆ.

ಹಿತ್ತಾಳೆಗೆ ಹೀಗೆ ಪೊರೆ ಹೊದಿಸುವ ವಿದ್ಯೆ ಹಳೆಯದು. ಹದಿನೆಂಟು, ಹತ್ತೊಂಬತ್ತನೇ ಶತಮಾನದ ಯುರೋಪಿನಲ್ಲಿ ಸೂಕ್ಷ್ಮದರ್ಶಕ, ದೂರದರ್ಶಕಗಳನ್ನು ಮಾಡುತ್ತಿದ್ದವರು ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಹಿತ್ತಾಳೆಯನ್ನು ತುಸು ಬಿಸಿ ಮಾಡಿ, ಮೆತ್ತನೆಯ ಕುಂಚದಿಂದ ಒಂದೇ ಎಳೆತಕ್ಕೆ ಬಳಿಯುತ್ತಿದ್ದರು. ಬಂಗಾರದ ಛಾಯೆ ಬೇಕಾದಾಗ ಅದಕ್ಕೆ ಅರಿಸಿನ, ಕೇಸರಿಯಂಥ ಬಣ್ಣಗಳನ್ನು ಸೇರಿಸುತ್ತಿದ್ದರು. ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿ ಹೊಂಬಣ್ಣದಿಂದ ಮಿನುಗುವ ಹಳೆಯ ಉಪಕರಣಗಳ ಮೈಮೇಲೆ ಇರುವುದು ಈ ಪೊರೆಯೇ. ಅದಕ್ಕೆ ಬೇಕಾದ ಅರಗಿನ ದೊಡ್ಡ ಪಾಲು ಭಾರತದ ಕಾಡುಗಳಿಂದ ಹೋಗುತ್ತಿತ್ತು. ಮುತ್ತುಗ, ಬೋರೆ ಮರಗಳ ಎಳೆ ರೆಂಬೆಗಳಿಗೆ ಅಂಟಿಕೊಂಡು ರಸ ಹೀರುವ ಪುಟ್ಟ ಕೀಟ ತನ್ನ ಸುತ್ತ ಕಟ್ಟಿಕೊಳ್ಳುವ ಅಂಟೇ ಅರಗು. ಚನ್ನಪಟ್ಟಣದ ಬೊಂಬೆಗಳ ಮೈ ಮಿರುಗುವುದೂ ಅದರಿಂದಲೇ. ಮೈಸೂರಿನಲ್ಲಿ 1937ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ್ ಆಳ್ವಿಕೆಯಲ್ಲಿ ಶುರುವಾದ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಹೆಸರಿನಲ್ಲೂ ಅರಗೇ ಮೊದಲಿತ್ತು. 1962ರ ಸಾರ್ವತ್ರಿಕ ಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು ತಯಾರಿಸುತ್ತಿರುವ ಕಾರ್ಖಾನೆ ಅದೇ.

ರಾಸಾಯನಿಕ ಲ್ಯಾಕರ್ ಎಲ್ಲೆಡೆ ಹರಡಿದ್ದು ಮೋಟಾರು ಕಾರುಗಳ ದೆಸೆಯಿಂದ. ಹತ್ತಿಯ ನಾರಿಗೆ ನೈಟ್ರಿಕ್ ಆಮ್ಲ ಕೊಟ್ಟು ಮಾಡುವ ನೈಟ್ರೊಸೆಲ್ಯುಲೋಸನ್ನು ಮದ್ದುಗುಂಡಿಗೆ ಬಳಸುವುದು ಮೊದಲೇ ಗೊತ್ತಿತ್ತು. ಅದನ್ನೇ ಹದ ಮಾಡಿ ಅಮೆರಿಕದ ಡುಪಾಂಟ್ ಕಂಪನಿ 1923ರಲ್ಲಿ ‘ಡುಕೊ’ ಎಂಬ ಲ್ಯಾಕರ್ ಹೊರತಂದಿತು. ವಾರಗಟ್ಟಲೆ ಒಣಗಬೇಕಾಗಿದ್ದ ಕಾರಿನ ಬಣ್ಣ ಗಂಟೆಗಳಲ್ಲಿ ಒಣಗತೊಡಗಿತು. ನಮ್ಮ ಗ್ಯಾರೇಜುಗಳಲ್ಲಿ, ಮರಗೆಲಸದವರ ನಡುವೆ ಸ್ಪ್ರೇ ಹೊಡೆದ ಯಾವ ಬಣ್ಣಕ್ಕಾದರೂ ‘ಡುಕೊ’ ಎನ್ನುವ ರೂಢಿ ಇವತ್ತಿಗೂ ಉಳಿದಿದೆ. ಗನ್ನು, ಕಂಪ್ರೆಸರ್ ಯಾವುದೂ ಇಲ್ಲದೆ ಮನೆಯಲ್ಲೇ ಸ್ಪ್ರೇ ಮಾಡುವ ಅನುಕೂಲ ಸಿಕ್ಕಿದ್ದು 1949ರಲ್ಲಿ. ಇಲಿನಾಯ್ ರಾಜ್ಯದ ಎಡ್ವರ್ಡ್ ಸೀಮೋರ್ ಹೆಂಡತಿ ಬಾನಿಯ ಸಲಹೆಯಂತೆ ಬಣ್ಣವನ್ನು ಒತ್ತಡದ ಡಬ್ಬಿಗೆ ತುಂಬಿದ. ಇಂದು ನಮ್ಮ ಊರುಗಳ ಹಾರ್ಡ್‌ವೇರ್ ಅಂಗಡಿಗಳಲ್ಲಿ ‘ಕ್ಲಿಯರ್ ಸ್ಪ್ರೇ’ ಎಂದು ಕೇಳಿದರೆ ಸಿಗುವುದು ಆ ಡಬ್ಬಿಯ ವಂಶವೇ.

ಹಳೆಯ ತೂಗುದೀಪವನ್ನೋ, ವಿದ್ಯುತ್ ಬಲ್ಬಿಗೆ ಒಗ್ಗಿಸಿದ ಮೇಜಿನ ದೀಪವನ್ನೋ ಹೊಸದು ಮಾಡಬೇಕೆಂದರೆ ಮೊದಲು ಅದನ್ನು ಬಿಚ್ಚಬೇಕು. ವೈರು, ಹೋಲ್ಡರು, ಗಾಜು ಎಲ್ಲ ಹೊರಗೆ. ತಿರುಪಿನ ಭಾಗಗಳೆಲ್ಲ ಬೇರೆ ಬೇರೆ. ಅಲ್ಲಲ್ಲಿ ಹೊಳಪು, ಅಲ್ಲಲ್ಲಿ ಕಪ್ಪು ಮಚ್ಚೆಗಳಿದ್ದರೆ ಹಿಂದೆಂದೋ ಹಚ್ಚಿದ ಲ್ಯಾಕರ್ ಹರಿದಿದೆ ಎಂದೇ ಅರ್ಥ. ಹರಿದ ಪೊರೆಯ ಮೇಲೆ ಎಷ್ಟು ಪಾಲಿಷ್ ಉಜ್ಜಿದರೂ ಲೋಹಕ್ಕೆ ತಾಗದು. ಅರಗಿನ ಪೊರೆಯಾದರೆ ಸ್ಪಿರಿಟ್‌ಗೆ ಕರಗುತ್ತದೆ, ನೈಟ್ರೊಸೆಲ್ಯುಲೋಸ್ ಆದರೆ ಥಿನ್ನರ್‌ಗೆ. ಎರಡಕ್ಕೂ ಜಗ್ಗದಿದ್ದರೆ ಪೇಂಟ್ ರಿಮೂವರ್ ಬೇಕು.

ತೊಳೆಯುವಾಗ ಹುಣಸೆಹಣ್ಣು ಒಳ್ಳೆಯದೇ, ಆದರೆ ಹಚ್ಚಿ ಮರೆತುಬಿಡಬಾರದು. ಹುಳಿ ಹೆಚ್ಚು ಹೊತ್ತು ಕೂತರೆ ಸತು ಕರಗಿ, ತಾಮ್ರ ಮೇಲೆದ್ದು, ಗುಲಾಬಿ ಬಣ್ಣದ ಕಲೆಗಳು ಮೂಡುತ್ತವೆ. ಅಮೋನಿಯ ಇರುವ ಪಾಲಿಷ್‌ಗಳ ಬಗ್ಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಇದರ ಹಿಂದೆ ಭಾರತದ್ದೇ ಒಂದು ಕಥೆಯಿದೆ. ಬ್ರಿಟಿಷ್ ಸೈನ್ಯ ಇಲ್ಲಿ ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇರಿಸುತ್ತಿದ್ದ ತೋಟಾಗಳ ಹಿತ್ತಾಳೆ ಕೊಳವೆಗಳು ತಾವಾಗಿಯೇ ಸೀಳಿಬಿಡುತ್ತಿದ್ದವು. ಕುದುರೆ ಗಂಜಲದಿಂದ ಏಳುವ ಅಮೋನಿಯ, ತೇವ, ಮತ್ತು ಬಡಿದು ಒತ್ತಿ ಮಾಡಿದ ಲೋಹದೊಳಗೆ ಉಳಿದಿದ್ದ ಬಿಗಿತ ಸೇರಿ ಹೀಗಾಗುತ್ತದೆ ಎಂಬುದು ಸ್ಪಷ್ಟವಾದದ್ದು 1921ರಲ್ಲಿ. ಎರಕದ ದಪ್ಪ ದೀಪಕ್ಕೆ ಇದರ ಭಯ ಕಡಿಮೆ. ತಗಡನ್ನು ಒತ್ತಿ ಮಾಡಿದ ಲಾಟೀನಿನ ಟ್ಯಾಂಕಿಗೆ ಅಮೋನಿಯ ಪಾಲಿಷ್ ಬೇಡವೇ ಬೇಡ.

ಉಜ್ಜುವುದು ಒರಟು ಎಮರಿಯಿಂದ ನುಣ್ಣನೆಯದಕ್ಕೆ, ಕೊನೆಗೆ ಬಫಿಂಗ್. ಬಟ್ಟೆಯ ಚಕ್ರ ತಿರುಗುವ ಅಂಗಡಿಗೆ ಕೊಟ್ಟರೆ ಕೆಲಸ ಬೇಗ ಮುಗಿಯುತ್ತದೆ. ಕೆತ್ತನೆಯಿರುವ, ಹೆಸರು ಕೊರೆಸಿದ ಭಾಗಗಳನ್ನು ಮಾತ್ರ ಆ ಚಕ್ರಕ್ಕೆ ಕೊಡದೆ ಕೈಯಲ್ಲೇ ಬಟ್ಟೆಯಿಂದ ಉಜ್ಜುವುದು ಮೇಲು. ಯಂತ್ರಕ್ಕೆ ಅಕ್ಷರದ ಬೆಲೆ ತಿಳಿಯದು.

ಇಲ್ಲಿಂದ ಮುಂದೆ ಬರಿಗೈ ತಾಗಕೂಡದು. ಪಾಲಿಷ್‌ನ ಮೇಣ, ಜಿಡ್ಡು ಪೂರ್ತಿ ಹೋಗುವಂತೆ ಥಿನ್ನರ್ ಅಥವಾ ಅಸಿಟೋನ್ ಅದ್ದಿದ ಬಟ್ಟೆಯಿಂದ ಒರೆಸಬೇಕು. ಜಿಡ್ಡು ಹೋಯಿತೇ ಎಂದು ನೋಡಲು ಒಂದಿಷ್ಟು ನೀರು ಚಿಮುಕಿಸಿದರೆ ಸಾಕು: ಹನಿಹನಿಯಾಗಿ ನಿಂತರೆ ಜಿಡ್ಡು ಇನ್ನೂ ಇದೆ, ಹಾಳೆಯಂತೆ ಹರಡಿದರೆ ಮೈ ಶುದ್ಧವಾಗಿದೆ. ಕೈಗವಸು ಹಾಕದೆ ಎತ್ತಿಟ್ಟರೆ ಬೆರಳಿನ ಉಪ್ಪು, ಎಣ್ಣೆ ಲ್ಯಾಕರ್‌ನ ಅಡಿಯಲ್ಲಿ ಉಳಿದು, ತಿಂಗಳುಗಳ ನಂತರ ಬೆರಳಚ್ಚಿನದೇ ಆಕಾರದಲ್ಲಿ ಕಪ್ಪಾಗಿ ಮೂಡುತ್ತವೆ. ಒರೆಸಲು ಅದು ಪೊರೆಯ ಹೊರಗಿಲ್ಲ, ಒಳಗಿದೆ.

ಸ್ಪ್ರೇ ಹೊಡೆಯಲು ಒಣಹವೆಯ ದಿನ ಆರಿಸಿಕೊಳ್ಳಬೇಕು. ಲ್ಯಾಕರ್‌ನ ದ್ರಾವಕ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಅದು ಹಸಿ ಪೊರೆಯ ಮೇಲೆ ಇಳಿದು, ಪೊರೆ ಹಾಲು ಬಳಿದಂತೆ ಬಿಳಿಚಿಕೊಳ್ಳುತ್ತದೆ. ಕೆಲಸದವರು ಇದಕ್ಕೆ ‘ಬ್ಲಶ್’ ಎನ್ನುತ್ತಾರೆ. ಆಗ ನಿಧಾನವಾಗಿ ಆರುವ ಥಿನ್ನರನ್ನು ಮಂಜಿನಂತೆ ತೆಳುವಾಗಿ ಹೊಡೆದರೆ ಪೊರೆ ಮತ್ತೆ ಸಡಿಲವಾಗಿ, ತೇವ ಹೊರಬಿದ್ದು, ತಿಳಿಯಾಗುವುದುಂಟು. ಮಲೆನಾಡು, ಕರಾವಳಿಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸಕ್ಕೆ ಕೈ ಹಾಕದಿರುವುದೇ ಲೇಸು.

ಡಬ್ಬಿಯೊಳಗಿನ ಗುಂಡು ಸದ್ದು ಮಾಡುವಂತೆ ಚೆನ್ನಾಗಿ ಕುಲುಕಿ, ಮೊದಲು ರಟ್ಟಿನ ಮೇಲೆ ಹೊಡೆದು ನೋಡಬೇಕು. ದೀಪಕ್ಕೂ ಡಬ್ಬಿಗೂ ಸುಮಾರು ಒಂದು ಗೇಣು ಅಂತರ. ದೀಪದ ಆಚೆಗೇ ಗುಂಡಿ ಒತ್ತಿ, ಕೈಯನ್ನು ದೀಪದ ಮೇಲೆ ಹಾಯಿಸಿ, ಇನ್ನೊಂದು ಬದಿ ದಾಟಿದ ಮೇಲೆ ಬಿಡಬೇಕು. ದೀಪದ ಮೇಲೆಯೇ ಒತ್ತಿ, ಅಲ್ಲೇ ನಿಂತರೆ ಲ್ಯಾಕರ್ ದಪ್ಪವಾಗಿ ಸೇರಿ ಇಳಿದುಬಿಡುತ್ತದೆ. ತೀರ ದೂರದಿಂದ ಹೊಡೆದರೆ ಹನಿಗಳು ದಾರಿಯಲ್ಲೇ ಒಣಗಿ ಮೈ ತರಕಲಾಗುತ್ತದೆ. ದಪ್ಪನೆಯ ಒಂದು ಕೋಟಿಗಿಂತ ತೆಳ್ಳನೆಯ ಮೂರು ಕೋಟು ಒಳ್ಳೆಯದು, ನಡುನಡುವೆ ಡಬ್ಬಿಯ ಮೇಲೆ ಬರೆದಷ್ಟು ಬಿಡುವು. ಕಿಟಕಿ ಬಾಗಿಲು ತೆರೆದಿರಲಿ, ಮೂಗಿಗೆ ಆವಿ ತಡೆಯುವ ಮಾಸ್ಕ್ ಇರಲಿ. ಹತ್ತಿರದಲ್ಲಿ ಒಲೆ, ಊದುಬತ್ತಿ ಯಾವ ಕಿಡಿಯೂ ಇರಕೂಡದು: ಡಬ್ಬಿಯ ದ್ರಾವಕವೂ ಉರಿಯುತ್ತದೆ, ಅದನ್ನು ಹೊರತಳ್ಳುವ ಅನಿಲವೂ ಉರಿಯುತ್ತದೆ.

ಯಾವ ಲ್ಯಾಕರ್ ಎಂಬ ಪ್ರಶ್ನೆಗೆ ಉತ್ತರ ದೀಪ ಎಲ್ಲಿರುತ್ತದೆ ಎಂಬುದರ ಮೇಲಿದೆ. ನೈಟ್ರೊಸೆಲ್ಯುಲೋಸ್ ಸುಂದರವಾಗಿ ಕೂರುತ್ತದೆ, ಬಿಸಿಲಿಗೆ ಹಳದಿಯಾಗುತ್ತದೆ. ಅಕ್ರಿಲಿಕ್ ಅಷ್ಟು ಬೇಗ ಬಣ್ಣ ತಿರುಗದು. 1960ರ ದಶಕದಲ್ಲಿ ತಾಮ್ರ ಉದ್ಯಮದ ಸಂಶೋಧಕರು ರೂಪಿಸಿದ ‘ಇಂಕ್ರಲ್ಯಾಕ್’ನಲ್ಲಿ ಅಕ್ರಿಲಿಕ್ ಜೊತೆ ಬೆಂಜೊಟ್ರಯಜೋಲ್ ಎಂಬ, ತಾಮ್ರ ಕಿಲುಬದಂತೆ ತಡೆಯುವ ವಸ್ತುವಿದೆ. ಬಯಲಿನಲ್ಲಿ ನಿಂತ ಕಂಚಿನ ಪ್ರತಿಮೆಗಳಿಗೂ ಅದನ್ನು ಬಳಸುತ್ತಾರೆ.

ಎಣ್ಣೆ ಹಾಕಿ ಬತ್ತಿ ಹಚ್ಚುವ ದೀಪದ ಬಟ್ಟಲಿಗೆ ಮಾತ್ರ ಯಾವ ಲ್ಯಾಕರೂ ಸಲ್ಲದು. ಜ್ವಾಲೆಯ ಬಿಸಿಗೆ ಪೊರೆ ಕಂದಿ, ಗುಳ್ಳೆಯೆದ್ದು, ಸುಟ್ಟು ವಾಸನೆ ಬರುತ್ತದೆ. ದಿನವೂ ಉರಿಯುವ ದೇವರ ಕೋಣೆಯ ದೀಪಕ್ಕೆ ತೊಳೆಯುವುದೇ ಸರಿ. ದೊಡ್ಡ ಕಾಲುದೀಪವಾದರೆ ಬಟ್ಟಲನ್ನು ಬಿಚ್ಚಿ ಪಕ್ಕಕ್ಕಿಟ್ಟು ಕಂಬಕ್ಕೂ ಪೀಠಕ್ಕೂ ಹೊಡೆಯಬಹುದು. ಹೊದಿಕೆಯಾದ ಮೇಲೆ ಸಬೀನಾ, ಪೀತಾಂಬರಿ, ಹುಣಸೆ ಎಲ್ಲಕ್ಕೂ ರಜೆ. ಒಣ ಮೆತ್ತನೆ ಬಟ್ಟೆಯಿಂದ ಧೂಳು ಒರೆಸಿದರೆ ಸಾಕು. ವರ್ಷಗಳ ನಂತರ ಎಲ್ಲೋ ಒಂದು ಕಡೆ ಕಪ್ಪು ಚುಕ್ಕೆ ಕಂಡರೆ ಅಷ್ಟಕ್ಕೇ ತೇಪೆ ಹಾಕಲು ಹೋಗಬಾರದು, ತೇಪೆಯ ಅಂಚು ಎದ್ದು ಕಾಣುತ್ತದೆ. ಆ ಭಾಗದ ಇಡೀ ಪೊರೆಯನ್ನು ಥಿನ್ನರ್‌ನಿಂದ ತೆಗೆದು, ಮತ್ತೆ ಮೊದಲಿನಿಂದ ಹೊಡೆಯಬೇಕು.