ಎರೆಹೊಲದ ಹತ್ತಿಯೂ ಅಮೇರಿಕೆಯ ಅಂತಃಕಲಹವೂ

ರೋಣ ತಾಲೂಕಿನ ಯಾವಗಲ್ಲು ಮತ್ತು ಅದರ ಸುತ್ತಣ ಊರುಗಳ ಎರೆಭೂಮಿಯನ್ನು ಕಂಡ ವಾಚಕರಿಗೆ ಹತ್ತಿಯ ವಿಷಯವಾಗಿ ನಾವು ಹೊಸದಾಗಿ ಹೇಳಬೇಕಾದುದಿಲ್ಲ. ಆದರೆ ಈ ಸೀಮೆಯ ಹೊಲಗಳ ಅದೃಷ್ಟವು ಒಮ್ಮೆ ಸಮುದ್ರದಾಚೆಯ ಒಂದು ಮಹಾಯುದ್ಧದೊಡನೆ ಗಂಟುಬಿದ್ದಿದ್ದಿತೆಂಬುದನ್ನು ಬಲ್ಲವರು ವಿರಳ. 1861ರಿಂದ 1865ರ ವರೆಗೆ ಅಮೇರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ನಡೆದ ಅಂತಃಕಲಹವೇ ಆ ಯುದ್ಧ. ನಮ್ಮ ಮಕ್ಕಳು ಶಾಲೆಯಲ್ಲಿ ಲಿಂಕನ್ನನ ಚರಿತ್ರೆಯನ್ನು ಓದುತ್ತಾರೆ. ಮನೆಯ ಹಿರಿಯರು ಪೇಟೆಯ ಧಾರಣೆಯನ್ನು ಬಲ್ಲರು. ಇವೆರಡನ್ನೂ ಒಂದೆಡೆ ಇರಿಸಿ ನೋಡಬೇಕೆಂಬುದೇ ನಮ್ಮ ಉದ್ದೇಶ.

ಅಮೇರಿಕೆಯ ದಕ್ಷಿಣದ ಸಂಸ್ಥಾನಗಳ ಐಶ್ವರ್ಯಕ್ಕೆ ಹತ್ತಿಯೇ ಮೂಲವಾಗಿದ್ದಿತು. ಆ ಹತ್ತಿಗೆ ಗುಲಾಮರ ದುಡಿತವೇ ಮೂಲವಾಗಿದ್ದಿತು. 1860ರ ಜನಗಣತಿಯ ಕಾಲಕ್ಕೆ ಅಲ್ಲಿ ಸುಮಾರು 40 ಲಕ್ಷ ಜನರು ದಾಸ್ಯದಲ್ಲಿದ್ದರು. ಆಫ್ರಿಕಾ ಮೂಲದ ಈ ಜನರನ್ನು ದನಕರುಗಳಂತೆ ಕೊಳ್ಳಬಹುದಾಗಿದ್ದಿತು, ಮಾರಬಹುದಾಗಿದ್ದಿತು. ತಾಯಿಯೊಂದು ಊರಿಗೆ, ಮಗು ಮತ್ತೊಂದು ಊರಿಗೆ ಹೋಗುವುದನ್ನು ತಡೆಯುವ ಕಾನೂನು ಹೆಚ್ಚಿನ ಸಂಸ್ಥಾನಗಳಲ್ಲಿ ಇರಲಿಲ್ಲ. ಪಶ್ಚಿಮದಲ್ಲಿ ಹೊಸದಾಗಿ ನೆಲೆಗೊಳ್ಳುತ್ತಿದ್ದ ಪ್ರದೇಶಗಳಿಗೂ ಈ ಪದ್ಧತಿಯು ಹಬ್ಬಬೇಕೇ ಬಾರದೇ ಎಂಬುದೇ ಉತ್ತರ ದಕ್ಷಿಣಗಳ ನಡುವಣ ಮುಖ್ಯ ವಿವಾದವಾಯಿತು.

ಅಬ್ರಹಾಂ ಲಿಂಕನ್ನನು 1858ರಲ್ಲಿಯೇ, ತನ್ನ ದೇಶವನ್ನು ಇಬ್ಭಾಗವಾದ ಮನೆಗೆ ಹೋಲಿಸಿ, ಅರ್ಧ ದಾಸ್ಯ ಅರ್ಧ ಸ್ವಾತಂತ್ರ್ಯಗಳಿಂದ ಅದು ಬಹುಕಾಲ ನಿಲ್ಲಲಾರದೆಂದು ಎಚ್ಚರಿಸಿದ್ದನು. ಆದರೂ ದಾಸ್ಯವು ಇದ್ದೆಡೆಯಲ್ಲಿ ಅದನ್ನು ಕೀಳಲು ಅವನು ಮೊದಲು ಹೊರಡಲಿಲ್ಲ; ಹೊಸ ನೆಲಕ್ಕೆ ಹಬ್ಬಬಾರದೆಂದಷ್ಟೇ ಹಿಡಿದನು. ಅಷ್ಟನ್ನೂ ದಕ್ಷಿಣದವರು ಸಹಿಸಲಿಲ್ಲ. 1860ರ ನವೆಂಬರಿನಲ್ಲಿ ಅವನು ಅಧ್ಯಕ್ಷನಾಗಿ ಆರಿಸಲ್ಪಟ್ಟೊಡನೆ, ದಶಂಬರ 20ರಂದು ದಕ್ಷಿಣ ಕೆರೊಲಿನಾ ಒಕ್ಕೂಟವನ್ನು ಬಿಟ್ಟಿತು. 1861ರ ಏಪ್ರಿಲ್ 12ರಂದು ಸಮ್ಟರ್ ಕೋಟೆಯ ಮೇಲೆ ಗುಂಡು ಹಾರಿ ಯುದ್ಧವು ಮೊದಲಾಯಿತು. ಕಡೆಗೆ 11 ಸಂಸ್ಥಾನಗಳು ಬೇರೆಯಾದುವು.

ತಾವು ಇಚ್ಛೆಯಿಂದ ಸೇರಿದವರು, ಇಚ್ಛೆಯಿಂದಲೇ ಬಿಡಬಲ್ಲೆವು ಎಂಬುದು ಅವರ ವಾದ. ಚುನಾವಣೆಯಲ್ಲಿ ಸೋತವರೆಲ್ಲ ಮನೆ ಬಿಟ್ಟು ಹೊರಡುವುದಾದರೆ ಪ್ರಜಾಪ್ರಭುತ್ವವೆಂಬುದೇ ಉಳಿಯಲಾರದು ಎಂಬುದು ಲಿಂಕನ್ನನ ಉತ್ತರ. ಪಾಲು ಕೇಳುವವರ ಹಕ್ಕಿನ ಮಾತಿನ ಅಡಿಯಲ್ಲಿ ಪಾಲಿಗೇ ಸೇರಿಸದ 40 ಲಕ್ಷ ಜನರ ಮೊರೆ ಹುದುಗಿದ್ದಿತೆಂಬುದನ್ನು ನಾವು ಮರೆಯಲಾಗದು.

ಉತ್ತರದ ನೌಕಾಬಲವು ದಕ್ಷಿಣದ ಬಂದರುಗಳನ್ನು ಮುಚ್ಚಿತು. ಹತ್ತಿಯ ಬಹುಪಾಲನ್ನು ಅಲ್ಲಿಂದಲೇ ತರಿಸುತ್ತಿದ್ದ ಇಂಗ್ಲೆಂಡಿನ ಲ್ಯಾಂಕಶಯರ್ ಗಿರಣಿಗಳು ಕಂಗೆಟ್ಟು ಹಿಂದುಸ್ಥಾನದ ಕಡೆಗೆ ತಿರುಗಿದುವು. ಅಂದು ಯಾವಗಲ್ಲಿನ ಸೀಮೆಯು ಧಾರವಾಡ ಜಿಲ್ಲೆಗೆ ಸೇರಿದ್ದಿತು. ಸಮೀಪದ ನರಗುಂದದ ಬಾಬಾಸಾಹೇಬನು ದಂಗೆಯೆದ್ದು 1858ರಲ್ಲಿ ಗಲ್ಲಿಗೇರಿ ಇನ್ನೂ ಮೂರು ವರ್ಷವಾಗಿದ್ದಿತಷ್ಟೆ. ಕತ್ತಿಯ ಕಾಲ ಮುಗಿದಿದ್ದ ಆ ನಾಡಿಗೆ ಹತ್ತಿಯ ಕಾಲ ಬಂದಿತು.

ಇಲ್ಲಿ ಒಂದು ವಿಚಿತ್ರವನ್ನು ವಾಚಕರು ಗಮನಿಸಬೇಕು. ಈ ಸೀಮೆಯಲ್ಲಿ ಎರಡು ಬಗೆಯ ಹತ್ತಿ ಬೆಳೆಯುತ್ತಿದ್ದಿತು. ಒಂದು ನಮ್ಮ ಜವಾರಿ ಹತ್ತಿ. ಬಂಡಿಗಳಲ್ಲಿ ಘಟ್ಟವಿಳಿದು ಕುಮಟೆಯ ಬಂದರದಿಂದ ಹಡಗೇರುತ್ತಿದ್ದುದರಿಂದ ವ್ಯಾಪಾರಿಗಳು ಅದನ್ನು ಕುಮಟಾ ಹತ್ತಿಯೆಂದು ಕರೆದರು. ಹೆಂಗಸರು ಕಲ್ಲಿನ ಮೇಲೆ ಕಬ್ಬಿಣದ ಸಲಾಕೆಯನ್ನು ಕಾಲಿನಿಂದ ಉರುಳಿಸಿ ಅದರ ಕಾಳನ್ನು ಬಿಡಿಸುತ್ತಿದ್ದರು. ಇನ್ನೊಂದು ವಿಲಾಯತಿ ಹತ್ತಿ. ಈಸ್ಟ್ ಇಂಡಿಯಾ ಕಂಪನಿಯವರು 1840ರಲ್ಲಿ ಅಮೇರಿಕೆಯ ದಕ್ಷಿಣ ಸೀಮೆಯ ಬೇಸಾಯಗಾರರನ್ನು ಹಿಂದುಸ್ಥಾನಕ್ಕೆ ಕರೆತಂದರು. ಮುಂದೆ ಹುಬ್ಬಳ್ಳಿಯ ಬಳಿಯ ಕುಸುಗಲ್ಲಿನಲ್ಲಿ ಪ್ರಯೋಗದ ಹೊಲಗಳನ್ನು ಮಾಡಿಸಿದರು. ನ್ಯೂ ಆರ್ಲಿಯನ್ಸಿನ ಬೀಜ ಬೇರೆಡೆ ಸೋತರೂ ಧಾರವಾಡದ ಎರೆಯಲ್ಲಿ ಬೇರೂರಿತು. ಹೀಗೆ ಗುಲಾಮರು ಬಿಡಿಸುತ್ತಿದ್ದ ಹತ್ತಿಯ ತಳಿಯೇ ನಮ್ಮ ರೈತನ ಹೊಲಕ್ಕೆ ಬಂದಿದ್ದಿತು. ಗುಲಾಮರ ಒಡೆಯರಿಗೆ ಪೇಟೆ ಮುಚ್ಚಿದಾಗ ಅದೇ ತಳಿಗೆ ಇಲ್ಲಿ ಬಂಗಾರದ ಬೆಲೆ ಬಂದಿತು.

1864ರ ಹೊತ್ತಿಗೆ ಲಿವರ್‌ಪೂಲಿನಲ್ಲಿ ಹತ್ತಿಯ ಬೆಲೆ ಯುದ್ಧಪೂರ್ವದ ಸುಮಾರು ನಾಲ್ಕು ಪಟ್ಟಾಯಿತು. ಈ ಸೀಮೆಗೆ ಇನ್ನೂ ರೈಲು ಬಂದಿರಲಿಲ್ಲ; ಬಂಡಿಗಳ ಸಾಲು ಘಟ್ಟದ ದಾರಿ ಹಿಡಿಯಿತು. ಕಾರವಾರವನ್ನು ಹತ್ತಿಯ ಬಂದರನ್ನಾಗಿಸುವ ಆತುರವೂ ಸೇರಿ, 1862ರಲ್ಲಿ ಉತ್ತರ ಕನ್ನಡವು ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ವರ್ಗವಾಯಿತು. ಹಣದ ಹಿಂದೆ ಮೋಸವೂ ಬಂದಿತು: ಅಂಡಿಗೆಗಳಲ್ಲಿ ಕಸ, ಕಾಳು, ಕಳಪೆ ಅರಳೆ ಬೆರಸುವುದನ್ನು ತಡೆಯಲು ಮುಂಬಯಿ ಸರಕಾರವು 1863ರಲ್ಲಿ ಒಂದು ಕಾಯಿದೆಯನ್ನೇ ಮಾಡಬೇಕಾಯಿತು.

ಅತ್ತ ಲ್ಯಾಂಕಶಯರಿನಲ್ಲಿ ಲಕ್ಷಾಂತರ ಕೂಲಿಕಾರರು ಕೆಲಸವಿಲ್ಲದೆ ಉಪವಾಸ ಬಿದ್ದರು. ದಕ್ಷಿಣದ ಪಕ್ಷವನ್ನು ಹಿಡಿದು ಬಂದರು ತೆರೆಯಿಸಿರೆಂದು ಅವರು ಕೂಗಬಹುದಾಗಿದ್ದಿತು. ಆದರೆ ಮ್ಯಾಂಚೆಸ್ಟರಿನ ದುಡಿಯುವ ಜನರು 1862ರ ದಶಂಬರ 31ರಂದು ಸಭೆ ಸೇರಿ, ದಾಸ್ಯವನ್ನು ಅಳಿಸುವ ಕಾರ್ಯದಲ್ಲಿ ತಾವು ಲಿಂಕನ್ನನ ಕಡೆಗಿರುವೆವೆಂದು ಅವನಿಗೆ ಪತ್ರ ಬರೆದರು. 1863ರ ಜನವರಿ 19ರಂದು ಉತ್ತರವಿತ್ತ ಅವನು, ಅವರ ಕಷ್ಟವನ್ನು ನೆನೆದು ಮನಸಾರೆ ಕೊಂಡಾಡಿದನು. ಹೊಟ್ಟೆಯು ಒಂದು ಕಡೆಗೂ ಧರ್ಮವು ಇನ್ನೊಂದು ಕಡೆಗೂ ಎಳೆದಾಗ ಬಡವರು ಧರ್ಮದ ಕಡೆಗೆ ನಿಂತ ಈ ಸಂಗತಿಯು ಯಾವ ವಿಜಯಕ್ಕೂ ಕಡಿಮೆಯದಲ್ಲ.

ಮರುದಿನವೇ, ಅಂದರೆ 1863ರ ಜನವರಿ 1ರಂದು, ಲಿಂಕನ್ನನು ದಂಗೆಯೆದ್ದ ಪ್ರದೇಶಗಳ ಗುಲಾಮರೆಲ್ಲರೂ ಸ್ವತಂತ್ರರೆಂದು ಸಾರಿದನು. ಒಕ್ಕೂಟದಲ್ಲಿಯೇ ಉಳಿದಿದ್ದ ಗಡಿ ಸಂಸ್ಥಾನಗಳ ಗುಲಾಮರಿಗೆ ಆ ಘೋಷಣೆಯು ಅನ್ವಯಿಸಲಿಲ್ಲವೆಂಬುದು ನಿಜ. ಅವನು ಜನಮತವನ್ನು ಬಿಟ್ಟು ಓಡಲಿಲ್ಲ, ಅದಕ್ಕೆ ಶರಣಾಗಲೂ ಇಲ್ಲ. ಒಂದೊಂದೇ ಹೆಜ್ಜೆ ಮುಂದಿಟ್ಟು, ಇಟ್ಟ ಹೆಜ್ಜೆಯನ್ನು ಹಿಂದೆಗೆಯದಿದ್ದುದೇ ಅವನ ನಾಯಕತ್ವ. ಸುಮಾರು 1 ಲಕ್ಷ 80 ಸಾವಿರ ಕರಿಯ ಸಿಪಾಯಿಗಳು ಅವನ ಸೈನ್ಯದಲ್ಲಿ ಹೋರಾಡಿದರು. ಬಿಡುಗಡೆಯು ಅವರಿಗೆ ದಾನವಾಗಿ ಬರಲಿಲ್ಲ. 1865ರ ಏಪ್ರಿಲ್ 9ರಂದು ದಕ್ಷಿಣದ ಸೇನಾನಿ ಲೀ ಶರಣಾದನು. 14ರ ರಾತ್ರಿ ಲಿಂಕನ್ನನಿಗೆ ಗುಂಡು ತಗಲಿ, ಮರುದಿನ ಬೆಳಿಗ್ಗೆ ಅವನು ಮಡಿದನು. ಆರು ಲಕ್ಷಕ್ಕೂ ಮಿಕ್ಕು ಜನರನ್ನು ಯುದ್ಧವು ನುಂಗಿದ್ದಿತು. ಅದೇ ವರ್ಷದ ದಶಂಬರದಲ್ಲಿ 13ನೆಯ ತಿದ್ದುಪಡಿಯು ಸ್ಥಿರವಾಗಿ ದೇಶದಲ್ಲೆಲ್ಲ ದಾಸ್ಯವು ಕೊನೆಗೊಂಡಿತು.

ಶಾಂತಿಯ ವಾರ್ತೆ ಬಂದೊಡನೆ ಹತ್ತಿಯ ಬೆಲೆ ಕುಸಿಯಿತು. ಮುಂಬಯಿಯಲ್ಲಿ ಷೇರುಗಳ ಹುಚ್ಚಿನಿಂದ ಕಟ್ಟಿದ್ದ ಐಶ್ವರ್ಯವೆಲ್ಲ 1865ರಲ್ಲಿ ಉರುಳಿತು. ಏರಿದ ಧಾರಣೆಯೇ ಶಾಶ್ವತವೆಂದು ನಂಬಿ ಸಾಲ ಮಾಡಿದವರ ಕೈಯಲ್ಲಿ ಸಾಲವೇ ಉಳಿಯಿತು. ಅಂದರೆ, 40 ಲಕ್ಷ ಜನರ ಬಂಧನ ಕಳಚಿದ ಸುದ್ದಿಯು ನಮ್ಮ ಪೇಟೆಗೆ ಕೆಟ್ಟ ಸುದ್ದಿಯಾಗಿ ಬಂದಿತು! ಇದರಲ್ಲಿ ರೈತನ ತಪ್ಪೇನೂ ಇಲ್ಲ. ಬೆಲೆ ಏಕೆ ಏರಿತು, ಏಕೆ ಇಳಿಯಿತು ಎಂಬುದನ್ನು ಅವನಿಗೆ ತಿಳಿಸುವವರಾರು?

ಆದರೆ ತಿಳಿಯುವ ಸಾಧನಗಳಿರುವ ನಮಗೆ ಆ ನೆಪವಿಲ್ಲ. ಕಂಪನಿಯ ಸೀಮೆಯಲ್ಲಿ 1843ರಲ್ಲಿಯೇ ಕಾನೂನು ದಾಸ್ಯವನ್ನು ಮಾನ್ಯಮಾಡುವುದನ್ನು ಬಿಟ್ಟಿತಾದರೂ, ಸಾಲದ ಹೆಸರಿನ ಜೀತವನ್ನು ರದ್ದುಮಾಡಲು 1976ರ ಕಾಯಿದೆಯು ಬೇಕಾಯಿತು. ಹತ್ತಿಯ ಬೀಜೋತ್ಪಾದನೆಯ ಹೊಲಗಳಲ್ಲಿ ಮಕ್ಕಳು ದುಡಿಯುವ ವಿಷಯವಾಗಿ ನಮ್ಮ ಕಾಲದಲ್ಲಿಯೂ ದೂರುಗಳು ಎದ್ದಿವೆ. ಮನೆಗೆ ಬಟ್ಟೆ ತರುವಾಗ ಸೋವಿಯಾಗಿ ಸಿಕ್ಕಿತೆಂದು ಸಂತೋಷಪಡುವ ಗೃಹಸ್ಥರು, ಆ ಸೋವಿಯ ಭಾರವನ್ನು ಯಾರು ಹೊತ್ತರೆಂದು ಒಮ್ಮೆ ವಿಚಾರಿಸಿದರೆ ಸಾಕು. ಲಿಂಕನ್ನನ ಚರಿತ್ರೆಯನ್ನು ಮಕ್ಕಳಿಗೆ ಓದಿಸಿದ ಪ್ರಯೋಜನವು ಮನೆಯಲ್ಲಿಯೇ ಕಂಡೀತು.