ಗಡ್ಡಕ್ಕೆ ವಿದಾಯ

ಗಡ್ಡವನ್ನು ಬೆಳೆಸುವುದು ಬಹಳ ಸುಲಭವಾದ ಸಾಹಸ. ಸುಮ್ಮನಿದ್ದರೆ ಸಾಕು, ಅದು ತಾನೇ ಬೆಳೆಯುತ್ತದೆ. ಜಾಣ್ಮೆ ಬೇಕಾಗುವುದು ತೆಗೆಯುವ ದಿನ. ನಮ್ಮಲ್ಲಿ ಗಡ್ಡ ಬಿಡುವುದಕ್ಕೆ ಕಾರಣಗಳು ಹಲವು: ತಿರುಪತಿಯ ಹರಕೆ, ಶಬರಿಮಲೆಯ ವ್ರತ, ಪತ್ನಿ ಗರ್ಭಿಣಿಯಾಗಿರುವ ಕಾಲದ ನಿಯಮ, ಕೆಲವರಿಗೆ ಬರಿಯ ಸೋಮಾರಿತನ. ಕಾರಣ ಯಾವುದೇ ಆಗಲಿ, ಒಂದು ದಿನ ಕನ್ನಡಿಯ ಮುಂದೆ ಕುಳಿತು ಅದನ್ನು ಬೀಳ್ಕೊಡಬೇಕಾಗುತ್ತದೆಯಷ್ಟೆ.

ಒಮ್ಮೆ 41 ದಿನಗಳ ವ್ರತ ಮುಗಿದ ಮರುದಿನ ಬೆಳಗ್ಗೆ, ಕಾಲೇಜಿಗೆ ಹೊತ್ತಾಯಿತೆಂಬ ಆತುರದಲ್ಲಿ, ನಾನು ತಣ್ಣೀರಿನಲ್ಲಿ ಸ್ನಾನದ ಸೋಪನ್ನೇ ಒಂದಿಷ್ಟು ತಿಕ್ಕಿಕೊಂಡು, ಹಳೆಯ ಬ್ಲೇಡನ್ನೇ ಹೂಡಿ, ನೇರವಾಗಿ ಗಡ್ಡಕ್ಕೆ ಕೈಹಚ್ಚಿದೆನು. ಎರಡು ಎಳೆತಕ್ಕೆ ರೇಜರಿನ ಬಾಯಿ ಕಟ್ಟಿತು. ಮೂರನೆಯದಕ್ಕೆ ಕೂದಲು ಕತ್ತರಿಸುವುದನ್ನು ಬಿಟ್ಟು ಕಿತ್ತು ಬರತೊಡಗಿತು. ಅಂದು ಕೆನ್ನೆಯ ಮೇಲೆ ಪತ್ರಿಕೆಯ ಚೂರುಗಳನ್ನು ಅಂಟಿಸಿಕೊಂಡೇ ಪಾಠ ಹೇಳಿದ್ದಾಯಿತು. ಹುಡುಗರು ನಗಲಿಲ್ಲ; ನಕ್ಕಿದ್ದರೆ ಮೇಲಾಗಿತ್ತು. ಕತ್ತಿನಲ್ಲಿ ಎದ್ದ ಕೆಂಪು ಗುಳ್ಳೆಗಳ ದೆಸೆಯಿಂದ ಒಂದು ವಾರ ಕಾಲರಿನ ಗುಂಡಿ ಹಾಕುವುದೇ ಹಿಂಸೆಯಾಯಿತು.

ಹೀಗೇಕೆ ಆಗುತ್ತದೆ? ಮುಖದ ಕೂದಲು ದಿನಕ್ಕೆ ಸುಮಾರು 0.3ರಿಂದ 0.4 ಮಿಲಿಮೀಟರಿನಷ್ಟು ಬೆಳೆಯುತ್ತದೆ. 41 ದಿನಗಳಲ್ಲಿ ಇದು ಅರ್ಧ ಅಂಗುಲವನ್ನು ಮುಟ್ಟುವುದು. ಬ್ಲೇಡು ಇರುವುದು ಮೋಟು ಕೂದಲನ್ನು ಬುಡದಲ್ಲಿ ಕತ್ತರಿಸುವುದಕ್ಕೆ. ಉದ್ದನೆಯ ಕೂದಲು ಅಲಗಿನ ಮುಂದೆ ಬಾಗುತ್ತದೆ, ಸಿಕ್ಕಿಕೊಳ್ಳುತ್ತದೆ, ಬೇರನ್ನು ಹಿಡಿದು ಎಳೆಯುತ್ತದೆ. ಕೂದಲಿನ ಈ ಬಾಗುವಿಕೆ ಉಕ್ಕಿಗೂ ಒಳ್ಳೆಯದಲ್ಲ. ಉಕ್ಕು ಕೂದಲಿಗಿಂತ 50 ಮಡಿ ಗಟ್ಟಿಯಾಗಿದ್ದರೂ, ಬಾಗಿದ ಕೂದಲು ತಗುಲಿದ ಕಡೆ ಅಲಗಿನ ಅಂಚು ಚಕ್ಕೆ ಏಳಬಲ್ಲುದೆಂದು ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು 2020ರಲ್ಲಿ ತೋರಿಸಿಕೊಟ್ಟರು. ಕೆಲವು ಕ್ಷೌರಗಳಲ್ಲೇ ಬ್ಲೇಡು ಮೊಂಡಾಗುವ ಒಗಟಿಗೆ ಉತ್ತರ ಹೀಗೆ ದೊರೆಯಿತು.

ಆದಕಾರಣ ಮೊದಲನೆಯ ಕೆಲಸ ರೇಜರಿನದಲ್ಲ, ಕತ್ತರಿಯದು. ಗಡ್ಡ ಒಣಗಿರುವಾಗಲೇ ಬಾಚಣಿಗೆಯಿಂದ ಕೂದಲನ್ನು ಎತ್ತಿ ಹಿಡಿದು, ಬಾಚಣಿಗೆಯ ಹೊರಗೆ ಉಳಿದುದನ್ನು ಕತ್ತರಿಸುತ್ತ ಬರಬೇಕು. ವಿದ್ಯುತ್ತಿನ ಟ್ರಿಮ್ಮರು ಇದ್ದರೆ ಇನ್ನೂ ಸುಲಭ. ಎರಡು ಮೂರು ದಿನದ ಗಡ್ಡದಷ್ಟು ಮೋಟು ಮಾತ್ರ ಉಳಿಯಲಿ. ಇಲ್ಲಿ ಒಂದು ರಾತ್ರಿ ನಿಲ್ಲಿಸಿ, ರೇಜರನ್ನು ಮರುದಿನಕ್ಕೆ ಇಟ್ಟುಕೊಂಡರೂ ನಷ್ಟವೇನಿಲ್ಲ.

ಎರಡನೆಯದು ನೀರು. ಕೂದಲು ನೀರನ್ನು ಹೀರಿ ಉಬ್ಬಿ ಮೆತ್ತಗಾಗುವುದಕ್ಕೆ ಎರಡು ಮೂರು ನಿಮಿಷವಾದರೂ ಹಿಡಿಯುತ್ತದೆ. ನಮ್ಮ ಆತುರವೆಲ್ಲ ಈ ಮೂರು ನಿಮಿಷವನ್ನು ಉಳಿಸುವುದರಲ್ಲಿ! ಬಿಸಿನೀರಿನ ಸ್ನಾನವಾದ ಮೇಲೆ ಕ್ಷೌರ ಮಾಡಿಕೊಳ್ಳುವುದು ನಮ್ಮ ಆಚಾರಕ್ಕೆ ವಿರುದ್ಧವಾದರೂ ಚರ್ಮಕ್ಕೆ ಹಿತ. ಆಚಾರವನ್ನು ಬಿಡಲೊಲ್ಲದವರು ಬೆಚ್ಚನೆಯ ಒದ್ದೆ ಟವಲನ್ನು ಮುಖಕ್ಕೆ ಒತ್ತಿಟ್ಟುಕೊಳ್ಳಬಹುದು. ಸ್ನಾನದ ಸೋಪಿನ ನೊರೆ ಬೇಗ ಒಣಗುತ್ತದೆ, ಚರ್ಮದ ಜಿಡ್ಡನ್ನೂ ತೆಗೆಯುತ್ತದೆ. ಕ್ಷೌರಕ್ಕೆಂದೇ ಮಾಡಿದ ಕ್ರೀಮನ್ನು ಬ್ರಷ್ಷಿನಿಂದ ಸುತ್ತಿ ಸುತ್ತಿ ಹಚ್ಚಿದರೆ ಅಲಗು ಜಾರುತ್ತದೆ.

ಬ್ಲೇಡು ಹೊಸದಾಗಿರಲಿ. ಕೈಯ ಭಾರವನ್ನು ಅದರ ಮೇಲೆ ಹಾಕಬೇಡಿ. ಕೂದಲು ಚರ್ಮದಿಂದ ನೆಟ್ಟಗೆ ಏಳುವುದಿಲ್ಲ, ಓರೆಯಾಗಿ ಏಳುತ್ತದೆ. ಕೆನ್ನೆಯಲ್ಲಿ ಸಾಮಾನ್ಯವಾಗಿ ಕೆಳಮುಖ, ಕತ್ತಿನಲ್ಲಿ ಮಾತ್ರ ಒಬ್ಬೊಬ್ಬರಿಗೆ ಒಂದೊಂದು ದಿಕ್ಕು. ಬೆರಳಾಡಿಸಿ ನೋಡಿ, ಅದು ಒಲಿದ ದಿಕ್ಕಿಗೇ ಎಳೆಯತಕ್ಕದ್ದು. ಮೊದಲ ದಿನವೇ ಎದುರು ದಿಕ್ಕಿನಿಂದ ಎಳೆದು ನುಣುಪು ಮಾಡಹೋದರೆ, ಅದರಲ್ಲಿಯೂ ಗುಂಗುರು ಕೂದಲಿನವರಲ್ಲಿ, ಓರೆಯಾಗಿ ಕತ್ತರಿಸಿದ ಚೂಪಾದ ತುದಿ ಬಾಗಿ ಚರ್ಮದೊಳಕ್ಕೇ ಹೊಕ್ಕು ಗುಳ್ಳೆಯೆಬ್ಬಿಸುತ್ತದೆ. ನನ್ನ ಕತ್ತಿನ ಕಥೆ ಇದೇ. ಅಂತಹ ಗುಳ್ಳೆಯನ್ನು ಚಿವುಟಬಾರದು. ಕೆಲವು ದಿನ ಕ್ಷೌರವನ್ನು ನಿಲ್ಲಿಸಿದರೆ ಸಾಮಾನ್ಯವಾಗಿ ತಾನೇ ಇಳಿಯುತ್ತದೆ. ಕೀವು ಕಂಡರೆ ವೈದ್ಯರ ಬಳಿಗೆ ಹೋಗಬೇಕು.

ಅಲಗು ಕೂದಲಿನೊಡನೆ ಚರ್ಮದ ಮೇಲ್ಪದರವನ್ನೂ ಕೊಂಚ ಹೆರೆದಿರುತ್ತದೆ. ತಣ್ಣೀರಿನಿಂದ ತೊಳೆದು, ಉಜ್ಜದೆ ಒತ್ತಿ ಒರಸಿ, ಪರಿಮಳವಿಲ್ಲದ ಲೇಪವೊಂದನ್ನು ತೆಳ್ಳಗೆ ಹಚ್ಚಿದರೆ ಸಾಕು. ಪಟಿಕವು ಸಣ್ಣ ಗಾಯದ ರಕ್ತವನ್ನು ಕಟ್ಟುವುದು ನಿಜ, ಆದರೆ ಮುಖಕ್ಕೆಲ್ಲ ತಿಕ್ಕಿದರೆ ಚರ್ಮ ಒಣಗುತ್ತದೆ. ಸ್ಪಿರಿಟು ಬೆರೆತ ಲೋಷನ್ನಿನ ಉರಿಯನ್ನು ಶುದ್ಧಿಯ ಗುರುತೆಂದು ತಿಳಿಯುವವರುಂಟು. ಅದು ಬರಿಯ ಉರಿ. ಗಡ್ಡದ ನೆರಳಿನಲ್ಲಿದ್ದ ಚರ್ಮಕ್ಕೆ ಬಿಸಿಲಿನ ರೂಢಿ ತಪ್ಪಿರುತ್ತದೆ, ಕೆಲವು ದಿನ ಕೊಡೆ ಹಿಡಿದರೆ ನಾಚಿಕೆಯೇನೂ ಇಲ್ಲ.

ಬೋಳಿಸಿದರೆ ಕೂದಲು ದಪ್ಪವಾಗಿ ಬೆಳೆಯುವುದೆಂಬ ಹಳೆಯ ಭಯವೂ ಬೇಡ. ಅಮೆರಿಕದ ಮಿಲ್ಡ್ರೆಡ್ ಟ್ರಾಟರ್ ಎಂಬ ವಿದುಷಿ 1928ರಲ್ಲೇ ಇದನ್ನು ಅಳೆದು ನೋಡಿ, ಹಾಗೇನೂ ಆಗುವುದಿಲ್ಲವೆಂದು ಪ್ರಕಟಿಸಿದರು. ಮೋಟಾದ ತುದಿ ಕೈಗೆ ಒರಟಾಗಿ ತೋರುವುದಷ್ಟೆ.

ಇಷ್ಟೆಲ್ಲ ತೊಡಕನ್ನು ಕ್ಷೌರಿಕನಿಗೇ ಬಿಡುವೆನೆನ್ನುವವರು ಹೊಸ ಬ್ಲೇಡನ್ನು ತಮ್ಮ ಕಣ್ಣೆದುರಿಗೇ ಹಾಕಿಸಬೇಕು. ಹೆಪಟೈಟಿಸ್ ಬಿ ಮತ್ತು ಸಿ ರೋಗಾಣುಗಳು ರಕ್ತ ಸೋಕಿದ ಅಲಗಿನ ಮೂಲಕ ಹರಡಬಲ್ಲವು; ಕೇಳುವುದಕ್ಕೆ ಸಂಕೋಚಪಡುವ ವಿಷಯ ಇದಲ್ಲ. ಹತ್ತು ಜನಕ್ಕೆ ತಿಕ್ಕಿದ ಪಟಿಕದ ಗಡ್ಡೆಯನ್ನೂ ಬೇಡವೆನ್ನಿ.

ಮನೆಯಲ್ಲಿ ಎಳೆಯ ಮಗುವಿದ್ದರೆ ಅದನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಕತ್ತರಿ ಹಿಡಿಯಿರಿ, ರೇಜರು ಮಾತ್ರ ಅದರ ಕೈಗೆಟುಕದಿರಲಿ. ಬಚ್ಚಲಿಗೆ ಗಡ್ಡದೊಡನೆ ಹೋಗಿ ಬರಿಮುಖದಲ್ಲಿ ಹೊರಬಂದ ನನ್ನನ್ನು ಕಂಡು ನಮ್ಮ ಮಗು ಚೀರಿಕೊಂಡು ತಾಯಿಯ ಸೆರಗಿನಲ್ಲಿ ಅಡಗಿತು; ಸಂಜೆಯವರೆಗೂ ನನ್ನ ಬಳಿಗೆ ಬರಲಿಲ್ಲ.