ಹನ್ನೆರಡು ವೋಲ್ಟಿನ ಕಸುಬು

ಕೋಲಾರದ ಎಪಿಎಂಸಿಯಿಂದ ಟೊಮೆಟೊ ಹೊತ್ತು ಹೊರಟ ಲಾರಿ, ಮಾವಿನ ಸುಗ್ಗಿಯಲ್ಲಿ ಶ್ರೀನಿವಾಸಪುರದ ಮಂಡಿಗಳಿಗೆ ಓಡಾಡುವ ಗೂಡ್ಸ್ ಆಟೊ, ಮಾಲೂರಿನ ಇಟ್ಟಿಗೆ ಟ್ರ್ಯಾಕ್ಟರು – ಯಾವುದು ಕೆಟ್ಟು ನಿಂತರೂ ಮೊದಲ ಪ್ರಶ್ನೆ ಒಂದೇ: ‘ಎಂಜಿನ್ನೋ, ವೈರಿಂಗೋ?’ ವೈರಿಂಗ್ ಎಂದಾದರೆ ಮೆಕಾನಿಕ್ ಪಕ್ಕಕ್ಕೆ ಸರಿಯುತ್ತಾನೆ. ಕರೆ ಹೋಗುವುದು ಆಟೊ ಎಲೆಕ್ಟ್ರಿಷಿಯನ್‌ಗೆ. ಕೋಲಾರ, ಮುಳಬಾಗಿಲು ಹಾಯ್ದು ಹೋಗುವ ರಾಷ್ಟ್ರೀಯ ಹೆದ್ದಾರಿ 75ರಂಥ ದಾರಿ ಹಗಲಿರುಳು ಓಡುವುದರ ಹಿಂದೆ ಈ ಕಸುಬಿನವರ ಕೈಯಿದೆ.

ಅಂಗಡಿಯ ಸಾಮಾನು ಹೆಚ್ಚೇನಿಲ್ಲ. ಬಣ್ಣಬಣ್ಣದ ವೈರಿನ ಸುರುಳಿ, ಲಗ್ಗು, ಫ್ಯೂಸು, ರಿಲೇ, ಚಾರ್ಜಿಗೆ ಹಾಕಿದ ನಾಲ್ಕಾರು ಬ್ಯಾಟರಿ. ಮೀಟರಿಗಿಂತ ಮೊದಲು ಕೈಗೆ ಬರುವುದು ಟೆಸ್ಟ್ ಲ್ಯಾಂಪ್: ಒಂದು ಬಲ್ಬು, ಎರಡು ವೈರು. ಕರೆಂಟು ಎಲ್ಲಿಯವರೆಗೆ ಬಂದಿದೆ, ಎಲ್ಲಿ ನಿಂತಿದೆ ಎಂಬುದನ್ನು ಅದೇ ಹೇಳುತ್ತದೆ.

ಗಾಡಿಯ 12 ವೋಲ್ಟಿನ ಲೆಡ್ ಆ್ಯಸಿಡ್ ಬ್ಯಾಟರಿಯಲ್ಲಿ ಸುಮಾರು 2 ವೋಲ್ಟಿನ 6 ಸೆಲ್‌ಗಳಿರುತ್ತವೆ. ತುಂಬಿದ ಬ್ಯಾಟರಿ 12.6 ವೋಲ್ಟಿನ ಆಸುಪಾಸು ತೋರಿಸುತ್ತದೆ. ದೊಡ್ಡ ಲಾರಿಗೆ ಇಂಥ ಎರಡನ್ನು ಸಾಲಾಗಿ ಜೋಡಿಸಿ 24 ವೋಲ್ಟ್ ಮಾಡುತ್ತಾರೆ. ವೋಲ್ಟ್ ಕಡಿಮೆಯೆಂದು ಸದರ ಸಲ್ಲದು. 12 ವೋಲ್ಟಿನಲ್ಲಿ 60 ವಾಟಿನ ಒಂದು ಹೆಡ್‌ಲೈಟು 5 ಆಂಪಿಯರ್ ಎಳೆಯುತ್ತದೆ, ಎರಡಾದರೆ 10. ವೈರು ತೆಳುವಾದರೆ ಬೆಳಕು ಮಂಕಾಗುತ್ತದೆ, ವೈರು ಕಾಯುತ್ತದೆ. ಅದಕ್ಕೇ ಬಲ್ಲವರು ರಿಲೇ ಹಾಕುತ್ತಾರೆ. ಸ್ವಿಚ್ಚಿಗೆ ಹೋಗುವುದು ಚೂರು ಕರೆಂಟು; ಭಾರದ್ದೆಲ್ಲ ದಪ್ಪ ವೈರಿನಲ್ಲಿ ಬ್ಯಾಟರಿಯಿಂದ ರಿಲೇ ಮೂಲಕ ಲೈಟಿಗೆ.

ಫ್ಯೂಸು ಇರುವುದು ಲೈಟನ್ನು ಕಾಯಲು ಎಂದು ಬಹಳ ಜನ ತಿಳಿದಿದ್ದಾರೆ. ಅದು ಕಾಯುವುದು ವೈರನ್ನು. ಆದ್ದರಿಂದ ಅದರ ಜಾಗ ಬ್ಯಾಟರಿಯ ಹತ್ತಿರ. ಲೈಟಿನ ಬಳಿ ಹಾಕಿದರೆ ನಡುವೆ ಎಲ್ಲಾದರೂ ವೈರು ಉಜ್ಜಿ ಶಾರ್ಟ್ ಆದಾಗ ಫ್ಯೂಸು ಇದ್ದೂ ಇಲ್ಲದಂತೆ. ಬ್ಯಾಟರಿ ಬಿಚ್ಚುವಾಗ ಮೊದಲು ನೆಗೆಟಿವ್, ಹಾಕುವಾಗ ಕೊನೆಗೆ ನೆಗೆಟಿವ್ ಎಂಬುದು ಕಲಿಯಲು ಬಂದ ಹುಡುಗನ ಮೊದಲ ಪಾಠ. ಗಾಡಿಯ ಬಾಡಿಯೇ ಅರ್ಥ್ ಆಗಿರುವುದರಿಂದ, ಪಾಸಿಟಿವ್ ಬಿಚ್ಚುವ ಸ್ಪ್ಯಾನರ್ ಬಾಡಿಗೆ ತಾಗಿದರೆ ಕಿಡಿ ಹಾರುತ್ತದೆ. ಚಾರ್ಜಾಗುವ ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ. ಅದು ಹೊತ್ತಿಕೊಳ್ಳಲು ಅಷ್ಟು ಕಿಡಿ ಸಾಕು.

ಈ ಕಸುಬು ರಸ್ತೆಗಷ್ಟೇ ಸೀಮಿತವಲ್ಲ. ಹೆದ್ದಾರಿ 75ರ ಪಡುವಣ ತುದಿ ಮಂಗಳೂರಿನ ಪಕ್ಕದ ಬಂಟ್ವಾಳ. ಅಲ್ಲಿಂದಾಚೆ ಕಡಲಿನ ಸಣ್ಣ ಮೀನುಗಾರಿಕೆ ದೋಣಿಗಳಲ್ಲೂ ಲೈಟು, ಜಿಪಿಎಸ್, ಮೀನು ಪತ್ತೆಯ ಯಂತ್ರ ನಡೆಯುವುದು 12 ವೋಲ್ಟಿನಲ್ಲೇ. ಆದರೆ ಮರ, ಫೈಬರ್ ದೋಣಿಗೆ ಬಾಡಿ ಅರ್ಥ್ ಇಲ್ಲ. ಹೋದ ಪ್ರತಿ ವೈರಿಗೂ ಮರಳುವ ವೈರು ಬೇಕು. ಉಪ್ಪುಗಾಳಿಗೆ ಬರಿ ತಾಮ್ರ ಹಸಿರುಗಟ್ಟುವುದರಿಂದ ತವರ ಲೇಪದ ವೈರು ಬೇಕು. ಬ್ಯಾಟರಿಯನ್ನು ನೀರು ನಿಲ್ಲದ ಎತ್ತರದಲ್ಲಿ, ಅಲುಗದಂತೆ ಬಿಗಿಯಬೇಕು. ನಮ್ಮ ಕೋಲಾರ ಜಿಲ್ಲೆಯಲ್ಲಿ ಕಡಲಿಲ್ಲ, ನಿಜ. ಆದರೆ 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಇಲ್ಲಿನ ಲಕ್ಷ್ಮೀಸಾಗರ ಕೆರೆಗೆ ಹರಿದ ಮೇಲೆ, ಒಣಗಿದ್ದ ಹಲವು ಕೆರೆಗಳಲ್ಲಿ ಮತ್ತೆ ನೀರು ನಿಂತಿದೆ. ಅಲ್ಲಿ ಬಲೆ ಬಿಡುವ ಹರಿಗೋಲಿನಲ್ಲಿ ಲೈಟಿಗೆಂದು ಬ್ಯಾಟರಿ ಇಟ್ಟರೂ ಪಾಲಿಸಬೇಕಾದದ್ದು ದೋಣಿಯ ನಿಯಮವನ್ನೇ.

ಎಲ್ಲಿಯದೇ ಆಗಲಿ, ಒಳ್ಳೆಯ ಕೆಲಸದ ಗುರುತು ಒಂದೇ: ಎರಡು ವರ್ಷದ ಮೇಲೆ ಬೇರೊಬ್ಬ ಬಿಚ್ಚಿ ನೋಡಿದರೂ ಯಾವ ವೈರು ಎಲ್ಲಿಗೆ ಎಂದು ತಿಳಿಯಬೇಕು. ಬಣ್ಣ ಬದಲಾಗಬಾರದು, ನಡುದಾರಿಯಲ್ಲಿ ತಿರುಚಿ ಟೇಪು ಸುತ್ತಿದ ಜಾಯಿಂಟು ಇರಬಾರದು.

ಮುಂದಿನ ಸಲ ಗಾಡಿಗೆ ಹೊಸ ಹಾರನ್ನೋ ಫಾಗ್ ಲೈಟೋ ಹಾಕಿಸುವಾಗ ಬೆಲೆಯ ಜೊತೆಗೆ ಇನ್ನೊಂದು ಮಾತು ಕೇಳಿ: ‘ಫ್ಯೂಸು ಎಲ್ಲಿ ಹಾಕಿದಿರಣ್ಣ?’ ತಕ್ಷಣ ಕೈ ತೋರಿಸಿದರೆ ಅಂಗಡಿ ಬದಲಿಸಬೇಡಿ.